ಅಗಸಿ ಎಣ್ಣಿಯ ಮುಖಗಳು

ಹಳ್ಳಿಯಿಂದ ಬಂದ ನಮ್ಮಂಥವರಿಗೆ ಆರ್ಟ್ ಗ್ಯಾಲರಿ ಅಂದ್ರೆ ಒಂಥರಾ ಅಳುಕು. ತೈಲಚಿತ್ರ ಪ್ಯಾರಿಸ್‌ನವರದ್ದು, ನಮಗೇನು ತಿಳೀತದ ಅನ್ನೋ ಭಾವನೆ. ಆದರೆ ಆ ತೈಲ ಯಾವುದು? ಹೆಚ್ಚಾಗಿ ಅಗಸಿ ಎಣ್ಣಿ. ನಮ್ಮ ಗಬ್ಬೂರು ಕಡೆ ಹಿಂಡಿ ಕುಟ್ಟಿ ರೊಟ್ಟಿ ಜೊತೆ ತಿನ್ನೋ ಅದೇ ಅಗಸಿ! ಬಿಳಿ ಬಣ್ಣ ಬೇಗ ಹಳದಿಗೆ ತಿರುಗದಿರಲಿ ಅಂತ ಅದಕ್ಕೆ ಕುಸುಬಿ ಎಣ್ಣಿ ಬಳಸುವುದೂ ಉಂಟು.

ಈ ಎಣ್ಣೆಗಳು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿ ಪೊರೆಯಾಗುತ್ತವೆ. ಕುಸುಬಿ ಎಣ್ಣಿ ಡಬ್ಬಿಯ ಬಾಯಿಗೆ ಕಟ್ಟಿದ ಜಿಗುಟು ಮುಟ್ಟಿದವರಿಗೆ ಇದು ಗೊತ್ತು. ಬಣ್ಣ ಹಸಿಯಿರುವಷ್ಟು ಹೊತ್ತು ಕೆನ್ನೆಯ ನೆರಳನ್ನು ತಿದ್ದುತ್ತಲೇ ಇರಬಹುದು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿ. ಚರ್ಮ, ರೇಷ್ಮೆ, ಮುತ್ತು ಎಲ್ಲವೂ ನುಣುಪು. ಕುಂಚದ ಗುರುತು ಹುಡುಕಬೇಕು. ಆಧುನಿಕರು ಎಣ್ಣೆಯನ್ನೇನೂ ಬದಲಿಸಲಿಲ್ಲ, ಅದನ್ನು ಮುಚ್ಚಿಡುವುದನ್ನು ಬಿಟ್ಟರು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬ್ ಬಂದಮೇಲೆ ಗಟ್ಟಿ ಬಣ್ಣ ಸದಾ ಕೈಗೆಟುಕಿತು. ಚೂರಿಯಿಂದ ದಪ್ಪಗೆ ಮೆತ್ತುವವರೂ ಹೆಚ್ಚಾದರು. 1899ರಲ್ಲಿ ಸೆಜಾನ್ ಬರೆದ ವೊಲಾರ್ಡ್ ಭಾವಚಿತ್ರವನ್ನೇ ತಗೊಳ್ಳಿ. ವೊಲಾರ್ಡ್ ಹೇಳಿಕೊಂಡಂತೆ, ಆತ 115 ಸಲ ಅಲುಗಾಡದೆ ಕೂತ. ಆದರೂ ಕೈಯ ಮೇಲೆ ಎರಡು ಚುಕ್ಕಿಯಷ್ಟು ಜಾಗ ಬಣ್ಣವಿಲ್ಲದೆ ಉಳಿಯಿತು. ಸರಿಯಾದ ಬಣ್ಣ ಸಿಗದಿದ್ದರೆ ಸುಮ್ಮನೆ ತುಂಬಲು ಸೆಜಾನ್ ಒಪ್ಪಲಿಲ್ಲ.

ಪ್ಯಾರಿಸ್‌ನಲ್ಲೇ ಕಲಿತ ಅಮೃತಾ ಶೇರ್‌ಗಿಲ್ ಈ ದಾರಿಯನ್ನು ಭಾರತದ ಮುಖಗಳಿಗೆ ತಂದರು. ಅವರಿಂದ ಪ್ರಭಾವಿತರಾದವರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ (1911–1996) ಒಬ್ಬರು. ಮುಂಬೈಯ ಜೆ.ಜೆ. ಶಾಲೆಯಲ್ಲಿ ಕಲಿತ ಹೆಬ್ಬಾರರು 1949ರ ಸುಮಾರಿಗೆ ತಾವೂ ಪ್ಯಾರಿಸ್‌ಗೆ ಹೋಗಿಬಂದರು.

ಈ ಸ್ವಾತಂತ್ರ್ಯಕ್ಕೂ ಒಂದು ಕರಾರಿದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಬೇಕು. ತಿರುವುಮುರುವಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಸರಿದಾಡಿ, ಮುಖವೇ ಬಿರುಕು ಬಿಡುತ್ತದೆ. ಬುನಾದಿ ಸರಿಯಿಲ್ಲದ ಕೋಡ್ ಥರಾನೇ.

ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ಹೆಬ್ಬಾರರ ಚಿತ್ರಗಳಿವೆ. ಹೋದಾಗ ಎದುರಿಗಷ್ಟೇ ಅಲ್ಲ, ಪಕ್ಕಕ್ಕೂ ಸರಿದು ಬೆಳಕು ಬೀಳುವ ಕಡೆಯಿಂದ ನೋಡಿ. ಬಣ್ಣದ ಏರುತಗ್ಗು ಮೊಬೈಲ್ ಫೋಟೋದಲ್ಲಿ ಕಾಣಲ್ಲ. ಅಳುಕಬೇಡಿ. ಎರೆಹೊಲದ ಕಾಳು ಹೆಂಗ ಎಣ್ಣಿ ಬಿಡ್ತದ ಅಂತ ಬಲ್ಲವರಿಗೆ ಈ ಕಲೆ ಪೂರ್ತಿ ಪರದೇಶಿ ಹೇಗಾದೀತು?