ಹ್ಯಾಲೋವೀನ್: ಮಕ್ಕಳದೋ ದೊಡ್ಡವರದೋ

ಹ್ಯಾಲೋವೀನ್ ಅಕ್ಟೋಬರ್ 31ರ ರಾತ್ರಿಯ ಹಬ್ಬ. ನವೆಂಬರ್ 1ರ ಸರ್ವಸಂತರ ದಿನದ ಮುನ್ನಾ ಸಂಜೆ ಎಂಬುದೇ ಹೆಸರಿನ ಅರ್ಥ. ಇದು ಹುಟ್ಟಿನಿಂದಲೇ ಮಕ್ಕಳ ಹಬ್ಬ, ವೇಷ ಹಾಕಿ ಕುಣಿಯುವ ದೊಡ್ಡವರು ನಡುವೆ ನುಸುಳಿದವರು ಎಂಬ ನಂಬಿಕೆ ಅಮೆರಿಕದಲ್ಲಿದೆ. ದಾಖಲೆಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಕೆಲ್ಟ್ ಜನರ ಸೌವಿನ್ ಆಚರಣೆಯಿಂದ ಕಥೆ ಶುರುಮಾಡುವುದು ವಾಡಿಕೆಯೇನೋ ಹೌದು, ಆದರೆ ಅದರ ಬಗೆಗಿನ ಐರಿಷ್ ಬರಹಗಳು ಕ್ರೈಸ್ತ ಧರ್ಮ ಬಂದು ಎಷ್ಟೋ ಕಾಲದ ಮೇಲಿನವು. ಅವನ್ನು ನೆಚ್ಚಿ ಬಹುದೂರ ಹೋಗಲಾಗದು. ಗಟ್ಟಿ ಸಾಕ್ಷ್ಯ ಸ್ಕಾಟ್ಲೆಂಡಿನದು. ರಾಬರ್ಟ್ ಬರ್ನ್ಸ್ 1785ರಲ್ಲಿ ಹಬ್ಬದ ಹೆಸರಿನಲ್ಲೇ ಬರೆದ ಕವನದಲ್ಲಿ ಹರೆಯದವರು ಕಣ್ಣು ಮುಚ್ಚಿ ಕೇಲ್ ಸೊಪ್ಪಿನ ಗಿಡ ಕೀಳುತ್ತಾರೆ, ದಂಟು ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡಿ ಬಾಳಸಂಗಾತಿಯ ರೂಪ ಊಹಿಸುತ್ತಾರೆ. ಒಲೆಗೆ ಹಾಕಿದ ಜೋಡಿ ಬೀಜಗಳು ಒಟ್ಟಿಗೆ ಉರಿದರೆ ದಾಂಪತ್ಯ ಸುಖವಂತೆ. ತಾನೂ ಕನ್ನಡಿ ಮುಂದೆ ಸೇಬು ತಿಂದು ಶಕುನ ನೋಡುತ್ತೇನೆಂದ ಪುಟ್ಟ ಜೆನ್ನಿಗೆ ಸಿಗುವುದು ಅಜ್ಜಿಯ ಬೈಗುಳ.

ಇಂಗ್ಲೆಂಡಿನ ಮಕ್ಕಳು ಮನೆಮನೆಗೆ ಹೋಗಿ ‘ಸೋಲ್ ಕೇಕ್’ ಬೇಡುತ್ತಿದ್ದರಲ್ಲ ಎಂಬ ಆಕ್ಷೇಪ ಉಂಟು. ನಿಜವೇ. ಆದರೆ ಅದು ಸತ್ತವರ ಸ್ಮರಣೆಗೆ ಅಂಟಿದ ಪದ್ಧತಿ. ಬಡ ದೊಡ್ಡವರೂ ಬೇಡುತ್ತಿದ್ದರು, ಕೇಕಿಗೆ ಪ್ರತಿಯಾಗಿ ಪ್ರಾರ್ಥನೆಯನ್ನೋ ಹಾಡನ್ನೋ ಸಲ್ಲಿಸುತ್ತಿದ್ದರು. 19ನೇ ಶತಮಾನದಲ್ಲಿ ಐರಿಷ್, ಸ್ಕಾಟಿಷ್ ವಲಸಿಗರೊಂದಿಗೆ ಹಬ್ಬ ಅಮೆರಿಕ ಸೇರಿದಾಗ ಟರ್ನಿಪ್ ಗಡ್ಡೆಯ ದೀಪದ ಜಾಗಕ್ಕೆ ಕುಂಬಳಕಾಯಿ ಬಂತು. ಪುಂಡಾಟ ಮಾತ್ರ ಬದಲಾಗಲಿಲ್ಲ. ಗೇಟು ಕಳಚುವುದು, ಹಿತ್ತಲ ಕಕ್ಕಸು ಉರುಳಿಸುವುದು ನಡೆದೇ ಇತ್ತು. ಬೇಸತ್ತ ಊರುಗಳು ಹುಡುಗರ ಗಮನ ಬೇರೆಡೆ ಸೆಳೆಯಲು ಮೆರವಣಿಗೆ ಏರ್ಪಡಿಸಿದವು. ಮಿನ್ನೆಸೋಟದ ಅನೋಕದಲ್ಲಿ ಅದು 1920ರಲ್ಲೇ ಶುರುವಾಯಿತು. ‘ಟ್ರಿಕ್ ಆರ್ ಟ್ರೀಟ್’ ಎಂಬುದೂ ಅದೇ ಬಗೆಯ ಸಂಧಾನ: ತಿಂಡಿ ಕೊಡಿ, ಇಲ್ಲವೇ ಕಿತಾಪತಿ ಸಹಿಸಿ. ಕೆನಡಾದ ಪತ್ರಿಕೆಗಳಲ್ಲಿ 1920ರ ದಶಕಕ್ಕಾಗಲೇ ಕಾಣಿಸಿದ್ದ ಈ ಮಾತು, ಯುದ್ಧಕಾಲದ ಸಕ್ಕರೆ ಪಡಿತರ 1947ರಲ್ಲಿ ಮುಗಿದ ಮೇಲೆ ಅಮೆರಿಕದ ಬೀದಿಬೀದಿಗೆ ಹಬ್ಬಿತು. ಇದು ಮಿಠಾಯಿ ಕಂಪನಿಗಳು ಕಟ್ಟಿದ ಹಬ್ಬ ಎನ್ನುವವರು ಈ ಹಿಂದುಮುಂದನ್ನು ಗಮನಿಸಬೇಕು. ಊರವರೂ ಹುಡುಗರೂ ಮಾಡಿಕೊಂಡ ರಾಜಿಯಿಂದ ಅವು ಲಾಭ ಪಡೆದವು, ಅಷ್ಟೆ.

ಹೀಗೆ ತಾವೇ ಬಿಟ್ಟುಕೊಟ್ಟ ರಾತ್ರಿಯನ್ನು ದೊಡ್ಡವರು 1970ರ ದಶಕದಲ್ಲಿ ಅನುಮಾನಿಸತೊಡಗಿದರು. 1974ರಲ್ಲಿ ಟೆಕ್ಸಸ್‌ನ ಬಾಲಕನೊಬ್ಬ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತ. ಕೊಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಸ್ವಂತ ತಂದೆ. 1958ರಿಂದೀಚಿನ ವರದಿಗಳನ್ನು ಜಾಲಾಡಿದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್‌ಗೆ, ಬಾಗಿಲಿಗೆ ಬಂದ ಮಗುವನ್ನು ಅಪರಿಚಿತರು ವಿಷವಿಟ್ಟು ಕೊಂದ ಖಚಿತ ಪ್ರಕರಣ ಒಂದೂ ಸಿಗಲಿಲ್ಲ. ಅದೇ ದಶಕದಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಗೊಂಬೆ ಕಲಾವಿದ ರಾಲ್ಫ್ ಲೀ ಆರಂಭಿಸಿದ ಮೆರವಣಿಗೆ ದೊಡ್ಡವರ ವೇಷಗಳಿಗೆ ಬೀದಿಯನ್ನು ಮರಳಿಸಿತು. ಅತ್ತ ವರ್ಜೀನಿಯದ ಚೆಸಪೀಕ್ ನಗರ, 12 ದಾಟಿದವರು ತಿಂಡಿ ಕೇಳುತ್ತ ಮನೆ ಸುತ್ತುವುದನ್ನು 1970ರಲ್ಲಿ ಜೈಲಿಗೆ ಹಾಕಬಹುದಾದ ಅಪರಾಧವಾಗಿಸಿತ್ತು. 2019ರಲ್ಲಿ ಜೈಲನ್ನು ಕೈಬಿಟ್ಟು ವಯಸ್ಸಿನ ಮಿತಿಯನ್ನು 14ಕ್ಕೆ ಏರಿಸಿತು.