ರಾಯಚೂರು ದೋಆಬ್ ಮತ್ತು ಲಂಡನ್ನಿನ ಪಕ್ಷವಾದ

ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು, ಮಾನ್ವಿ, ದೇವದುರ್ಗಗಳ ನೆಲವು ೧೮೫೩ರ ಮೇ ೨೧ರ ಒಪ್ಪಂದದಂತೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ವೆಚ್ಚದ ಬಾಕಿಯೇ ಇದಕ್ಕೆ ಕಾರಣ. ಎರಡು ವಾರಗಳೊಳಗೆ, ಜೂನ್ ೩ರಂದು, ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಸಚಿವ ಚಾರ್ಲ್ಸ್ ವುಡ್ಡನು ಕಂಪನಿಯ ಆಳ್ವಿಕೆಯನ್ನು ಮುಂದುವರಿಸುವ ಮಸೂದೆಯನ್ನು ಮಂಡಿಸಿದನು. ಆ ಆಳ್ವಿಕೆಯು ಹೊಣೆಗೇಡಿಯಾದುದು, ಲೋಕೋಪಯೋಗಿ ಕಾರ್ಯಗಳನ್ನು ಅಲಕ್ಷಿಸಿದುದು ಎಂದು ಜಾನ್ ಬ್ರೈಟನು ಖಂಡಿಸಿದನು. ವಾದವು ಪ್ರಬಲವಾಗಿದ್ದಿತು, ಆದರೆ ದೋಆಬಿನ ರೈತನಿಗೆ ಆ ಸಭೆಯಲ್ಲಿ ಪ್ರತಿನಿಧಿಯಿರಲಿಲ್ಲ.

೧೮೫೮ರಲ್ಲಿ ಕಂಪನಿಯ ಆಳ್ವಿಕೆಯೇ ಕೊನೆಗೊಂಡಿತು. ೧೮೬೦ರ ಒಪ್ಪಂದದಲ್ಲಿ ೫೦ ಲಕ್ಷ ರೂಪಾಯಿಗಳ ಸಾಲವು ಮನ್ನಾ ಆಗಿ, ನೆಲವು ನಿಜಾಮನಿಗೆ ಮರಳಿತು. ಸಾಲದ ಲೆಕ್ಕದಲ್ಲಿ ಹೋದುದು ಸಂಧಾನದ ಲೆಕ್ಕದಲ್ಲಿ ಹಿಂದಿರುಗಿತು. ಪಕ್ಷವಾದಗಳ ಜಯಾಪಜಯಗಳನ್ನು ಓದುವಾಗ, ಅಲ್ಲಿ ಯಾರ ಮಾತಿಗೆ ಎಡೆಯಿರಲಿಲ್ಲವೆಂಬುದನ್ನೂ ನಾವು ವಿಚಾರಿಸಬೇಕಾಗಿದೆ.