ಗುಡ್ಡದ ಸೈಕಲ್ ಹುಟ್ಟಿದ್ದು ಗುಜರಿಯಲ್ಲಿ: ಮೊದಲ ಎಂಟಿಬಿ ತಗೊಳ್ಳೋ ಮುಂಚೆ ಒಂದು ಇತಿಹಾಸ ಪಾಠ

1/7

"ಹದಿನೈದು ಸಾವಿರದೊಳಗೆ ಒಳ್ಳೆ ಎಂಟಿಬಿ ಯಾವುದು?" ಈ ತಿಂಗಳು ಈ ಪ್ರಶ್ನೆ ಡಿಎಂಗೆ ಬಂದಿದ್ದು ಇದು ನಾಲ್ಕನೇ ಸಲ. ಕೇಳಿದವರಲ್ಲಿ ಇಬ್ಬರು ನಮ್ಮ ಕ್ಲಾಸಿನವರೇ. ಹೆಸರು ಹೇಳಲ್ಲ, ನಿಮಗೇ ಗೊತ್ತು.

ಒಂದೇ ಸಾಲಲ್ಲಿ ಒಂದು ಮಾಡೆಲ್ ಹೆಸರು ಹೇಳಿ ಮುಗಿಸಬಹುದು. ಆದರೆ ಆ ಮಾಡೆಲ್ ಮುಂದಿನ ವರ್ಷ ಅಂಗಡಿಯಲ್ಲಿ ಇರಲ್ಲ. ಅದಕ್ಕಿಂತ ಈ ಸೈಕಲ್ ಹೇಗೆ ಹುಟ್ಟಿತು ಅಂತ ತಿಳಿದುಕೊಂಡರೆ ಯಾವ ಅಂಗಡಿಗೆ ಹೋದರೂ, ಯಾವ ವರ್ಷ ಹೋದರೂ ನೀವೇ ಆರಿಸಬಹುದು. ಯಾಕಂದ್ರೆ ಮೌಂಟೇನ್ ಬೈಕ್ ಕಂಡುಹಿಡಿದವರು ಕೂಡ ನಮ್ಮ ಹಾಗೆ ಕೈಯಲ್ಲಿ ಹೆಚ್ಚು ಕಾಸಿಲ್ಲದ ಹುಡುಗರೇ.

ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ. ಪಿಯುಸಿಯಲ್ಲಿದ್ದಾಗ ಅಪ್ಪನ ಹತ್ರ ಹಟ ಮಾಡಿ, ಮುಂದೆ ಒಂದು ಹಿಂದೆ ಒಂದು ಸ್ಪ್ರಿಂಗ್ ಇರೋ ಸೈಕಲ್ ತಗೊಂಡೆ. ನೋಡೋಕೆ ಥೇಟ್ ಮೋಟಾರ್ ಬೈಕ್. ಮೊದಲನೇ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೊರಟೆ. ಪ್ರತಿ ಪೆಡಲ್‌ಗೂ ಸೈಕಲ್ ಕುಣಿಯೋದು, ಮುಂದಕ್ಕೆ ಹೋಗ್ತಿರಲಿಲ್ಲ. ಅರ್ಧ ದಾರಿಯಲ್ಲಿ ಇಳಿದು ತಳ್ಳಿದೆ. ಸ್ಪ್ರಿಂಗೇ ಇಲ್ಲದ ಸೈಕಲ್‌ನಲ್ಲಿ ಬಂದಿದ್ದ ಗೆಳೆಯ ಮೇಲೆ ಕೂತು ಚುರುಮುರಿ ತಿಂತಿದ್ದ. ಒಂದು ಮಳೆಗಾಲ ಕಳೆಯೋದ್ರಲ್ಲಿ ಹಿಂದಿನ ಕೀಲು ಸಡಿಲ ಆಗಿ ಕಿರ್‌ಕಿರ್ ಅನ್ನೋಕೆ ಶುರುವಾಯ್ತು. ಅಪ್ಪ ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಈ ಇತಿಹಾಸ ಅವತ್ತೇ ಗೊತ್ತಿದ್ದರೆ ಆ ದುಡ್ಡು ಉಳೀತಿತ್ತು. ಬನ್ನಿ, ಶುರು ಮಾಡೋಣ.

2/7

ಜಾಗ: ಅಮೆರಿಕದ ಕ್ಯಾಲಿಫೋರ್ನಿಯಾ. ಸ್ಯಾನ್ ಫ್ರಾನ್ಸಿಸ್ಕೋ ಊರಿನ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿ ಟಮಲ್‌ಪಾಯಿಸ್ ಅನ್ನೋ ಬೆಟ್ಟ, ಅದರ ಆಸುಪಾಸಿನಲ್ಲಿ ಫೇರ್‌ಫ್ಯಾಕ್ಸ್ ಅನ್ನೋ ಸಣ್ಣ ಊರು. ಕಾಲ: 1970ರ ದಶಕ.

ಅಲ್ಲಿನ ಕೆಲವು ಹುಡುಗರು ರಸ್ತೆ ರೇಸ್ ಓಡಿಸ್ತಿದ್ದವರು. ತೆಳು ಟೈರಿನ ದುಬಾರಿ ಸೈಕಲ್ ಅವರ ಹತ್ರ ಇತ್ತು. ಆದರೆ ಬೆಟ್ಟದ ಮಣ್ಣು ದಾರಿಗೆ ಅವರು ತಗೊಂಡು ಹೋಗ್ತಿದ್ದದ್ದು ಬೇರೆ ಸೈಕಲ್: 1930-40ರ ದಶಕದ ಷ್ವಿನ್ ಎಕ್ಸೆಲ್ಸಿಯರ್ ತರದ ದಪ್ಪ ಟೈರಿನ ಹಳೇ ಸೈಕಲ್‌ಗಳು. ಒಂದು ಕಾಲದಲ್ಲಿ ಮಕ್ಕಳು ಪೇಪರ್ ಹಾಕೋಕೆ ಓಡಿಸ್ತಿದ್ದ ಸೈಕಲ್. ಗುಜರಿಯಲ್ಲಿ, ಹಳೇ ಶೆಡ್‌ಗಳಲ್ಲಿ ಚಿಲ್ಲರೆ ಕಾಸಿಗೆ ಸಿಗೋದು. ಮಡ್‌ಗಾರ್ಡ್, ಅಲಂಕಾರ ಎಲ್ಲ ಕಿತ್ತು ಬಿಸಾಕಿ, ಉಳಿದದ್ದಕ್ಕೆ 'ಕ್ಲಂಕರ್' ಅಂತ ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಕೋಟಾ ಗಾಡಿ.

ಯಾಕೆ ಇದೇ ಸೈಕಲ್? ಟೈರ್! ಷ್ವಿನ್ ಕಂಪನಿ 1933ರಲ್ಲಿ ಅಮೆರಿಕದ ಮಕ್ಕಳ ಸೈಕಲ್‌ಗೆ ದಪ್ಪನೆಯ ಬಲೂನ್ ಟೈರ್ ತಂದಿತ್ತು. 26 ಇಂಚಿನ ಚಕ್ರ, ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು ಅಗಲ. ಗಾಳಿ ಕಡಿಮೆ ಇಟ್ಟರೆ ಕಲ್ಲಿನ ಮೇಲೆ ಟೈರ್ ತಾನೇ ಬಗ್ಗುತ್ತೆ, ಮಣ್ಣನ್ನ ಕಚ್ಚಿ ಹಿಡಿಯುತ್ತೆ.

ಪಾಠ ಒಂದು: ಮೌಂಟೇನ್ ಬೈಕಿನ ಮೊದಲ ಸಸ್ಪೆನ್ಷನ್ ಅಂದ್ರೆ ಟೈರು. ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಅದನ್ನೇ. ಸುಮಾರು 2 ಇಂಚು ಅಗಲ, ನಡುವೆ ಒತ್ತಾದ ಸಣ್ಣ ಗುಬಟು, ಅಂಚಿನಲ್ಲಿ ಸ್ವಲ್ಪ ದೊಡ್ಡದು ಇದ್ದರೆ ಕಾಲೇಜಿನ ಡಾಂಬರು ರಸ್ತೆಗೂ ಆಗುತ್ತೆ, ಭಾನುವಾರದ ಮಣ್ಣು ದಾರಿಗೂ ಆಗುತ್ತೆ.

3/7

ಈಗ ಕಥೆಯ ರೋಚಕ ಭಾಗ.

1976ರ ಅಕ್ಟೋಬರ್ 21. ಫೇರ್‌ಫ್ಯಾಕ್ಸ್ ಹತ್ತಿರದ ಒಂದು ಕಡಿದಾದ ಮಣ್ಣು ರಸ್ತೆಯಲ್ಲಿ ಚಾರ್ಲಿ ಕೆಲ್ಲಿ ಅನ್ನೋರು ಒಂದು ರೇಸ್ ಏರ್ಪಡಿಸಿದರು. ದಾರಿ ಸುಮಾರು 3 ಕಿಲೋಮೀಟರ್, ಅಷ್ಟರಲ್ಲೇ ಸುಮಾರು 400 ಮೀಟರ್ ಕೆಳಗೆ ಇಳಿಯಬೇಕು. ಒಬ್ಬೊಬ್ಬರೇ ಇಳೀಬೇಕು, ಗಡಿಯಾರ ನೋಡಿ ಲೆಕ್ಕ. ಬೆಟ್ಟದಿಂದ ಯಾರು ಬೇಗ ಇಳೀತಾರೆ ಅನ್ನೋ ಜಗಳ ತೀರಿಸೋಕೆ ಶುರುವಾದ ಆಟ ಅದು.

ಆ ಹಳೇ ಸೈಕಲ್‌ಗಳಲ್ಲಿ ಕೈ ಬ್ರೇಕ್ ಇರಲಿಲ್ಲ. ಪೆಡಲನ್ನ ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ ಒಳಗೇ ಬ್ರೇಕ್ ಹಿಡಿಯೋದು. ಇಷ್ಟು ಉದ್ದದ ಇಳಿಜಾರಿನಲ್ಲಿ ಹಬ್ ಎಷ್ಟು ಕಾಯೋದಂದ್ರೆ ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗೋದು. ಕೆಳಗೆ ಬಂದಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಮತ್ತೆ ತುಂಬೋದು ಅಂದ್ರೆ ಇಂಗ್ಲಿಷಿನಲ್ಲಿ 'ರಿಪ್ಯಾಕ್'. ರಸ್ತೆಗೂ ರೇಸಿಗೂ ಅದೇ ಹೆಸರಾಯ್ತು!

ಆ ದಾರಿಯ ದಾಖಲೆ ಗ್ಯಾರಿ ಫಿಶರ್ ಹೆಸರಲ್ಲಿದೆ: 4 ನಿಮಿಷ 22 ಸೆಕೆಂಡ್. ಎರಡೇ ಸೆಕೆಂಡ್ ಹಿಂದೆ ಜೋ ಬ್ರೀಜ್. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ.

ಇನ್ನೊಂದು ಹೆಸರು ವೆಂಡಿ ಕ್ರ್ಯಾಗ್. ರಿಪ್ಯಾಕ್‌ನಲ್ಲಿ ಸೈಕಲ್ ಇಳಿಸಿದ ಕೆಲವೇ ಹೆಣ್ಣುಮಕ್ಕಳಲ್ಲಿ ಒಬ್ಬರು. ಕ್ಯಾಮೆರಾ ಜೊತೆಗಿಟ್ಟುಕೊಂಡೇ ಬೆಟ್ಟ ಸುತ್ತಿದವರು. ಆ ಕಾಲದ ಧೂಳು, ಜೀನ್ಸ್ ಪ್ಯಾಂಟು, ನಗು ಎಲ್ಲ ಇವತ್ತು ನಮಗೆ ಕಾಣೋದು ಬಹುಪಾಲು ಅವರ ಫೋಟೋಗಳಿಂದ. ಈ ಆ್ಯಪ್‌ನಲ್ಲಿ ದಿನಾ ಫೋಟೋ ಹಾಕೋ ನಾವು ಅವರಿಗೊಂದು ಥ್ಯಾಂಕ್ಸ್ ಹೇಳಲೇಬೇಕು.

ಪಾಠ ಎರಡು: ಬ್ರೇಕ್. ಸ್ಟೀಲ್ ರಿಮ್ ಇರೋ ಅಗ್ಗದ ಸೈಕಲ್ ಮಳೆಯಲ್ಲಿ ಬ್ರೇಕ್ ಹಿಡಿದರೂ ಜಾರಿಕೊಂಡೇ ಹೋಗುತ್ತೆ. ಅಲ್ಯೂಮಿನಿಯಂ ರಿಮ್ ಕೇಳಿ. ಮಲೆನಾಡಿನ ಕಡೆಯವರಾದ್ರೆ ಕೇಬಲ್ ಡಿಸ್ಕ್ ಬ್ರೇಕ್ ಒಳ್ಳೇದು. ಬಯಲುಸೀಮೆಯಲ್ಲಿ ಒಳ್ಳೆ ವಿ-ಬ್ರೇಕ್ ಧಾರಾಳ ಸಾಕು, ರಿಪೇರಿಯೂ ಸುಲಭ. ಹೆಸರೇ ಇಲ್ಲದ ಡಿಸ್ಕ್‌ಗಿಂತ ಒಳ್ಳೆ ವಿ-ಬ್ರೇಕ್ ಎಷ್ಟೋ ವಾಸಿ.

4/7

ಒಂದು ಪ್ರಶ್ನೆ ಕೇಳ್ತೀನಿ. ಇಳಿಯೋದೇನೋ ಸರಿ, ಹತ್ತಿದ್ದು ಹೇಗೆ?

ಕ್ಲಂಕರ್‌ಗೆ ಇದ್ದದ್ದು ಒಂದೇ ಗೇರು, ತೂಕ ವಿಪರೀತ. ತಳ್ಳಿಕೊಂಡು ಹತ್ತಬೇಕು, ಇಲ್ಲಾ ಯಾರದ್ದಾದ್ರೂ ಟ್ರಕ್ಕಿನಲ್ಲಿ ಹಾಕ್ಕೊಂಡು ಹೋಗಬೇಕು. ಅಂದ್ರೆ ಅದಿನ್ನೂ ಅರ್ಧ ಸೈಕಲ್.

1974ರ ಡಿಸೆಂಬರ್‌ನಲ್ಲಿ ಮರಿನ್‌ನಲ್ಲೇ ನಡೆದ ಒಂದು ಸೈಕ್ಲೋಕ್ರಾಸ್ ರೇಸಿಗೆ ಕುಪರ್ಟಿನೋ ಕಡೆಯಿಂದ ಕೆಲವರು ಬಂದಿದ್ದರು. ಅವರ ದಪ್ಪ ಟೈರಿನ ಸೈಕಲ್‌ಗಳಲ್ಲಿ ಗೇರ್ ಇತ್ತು! ಮರಿನ್ ಹುಡುಗರು ಕಣ್ಣರಳಿಸಿ ನೋಡಿದರು. ಸ್ವಲ್ಪ ಕಾಲದಲ್ಲೇ ಗ್ಯಾರಿ ಫಿಶರ್ ತನ್ನ ಹಳೇ ಷ್ವಿನ್‌ಗೆ ಗೇರ್, ಹೆಬ್ಬೆರಳಿನಿಂದ ಒತ್ತೋ ಶಿಫ್ಟರ್, ಡ್ರಮ್ ಬ್ರೇಕ್, ಮೋಟಾರ್ ಸೈಕಲಿನ ಬ್ರೇಕ್ ಲಿವರ್ ಎಲ್ಲ ಜೋಡಿಸಿದರು. ಈಗ ಅದೇ ಸೈಕಲ್ ಬೆಟ್ಟ ಹತ್ತುತ್ತೆ, ಇಳಿಯುತ್ತೆ, ಮನೆಗೂ ವಾಪಸ್ ಬರುತ್ತೆ.

ಪಾಠ ಮೂರು: 'ಎಲ್ಲದಕ್ಕೂ ಆಗೋ ಸೈಕಲ್' ಅಂದ್ರೆ ಇದೇ. 21 ಗೇರ್, 24 ಗೇರ್ ಅನ್ನೋ ಸಂಖ್ಯೆಗೆ ಮರುಳಾಗಬೇಡಿ. ಎಷ್ಟು ಗೇರ್ ಇದೆ ಅನ್ನೋದಕ್ಕಿಂತ ಅತಿ ಹಗುರ ಗೇರ್ ಎಷ್ಟು ಹಗುರ ಅನ್ನೋದು ಮುಖ್ಯ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರ, ಇವೆರಡನ್ನ ನೋಡಿ. ಹಿಂದಿನದು ಮುಂದಿನದಕ್ಕಿಂತ ದೊಡ್ಡದಿದ್ದಷ್ಟೂ ಏರು ಸಲೀಸು.

5/7

ಹಳೇ ಫ್ರೇಮ್‌ಗಳು ಈ ಹೊಡೆತ ತಡೀಲಿಲ್ಲ. ಬಾಗಿದವು, ಮುರಿದವು. 1977ರಲ್ಲಿ ಜೋ ಬ್ರೀಜ್ ಕ್ರೋಮೋಲಿ ಅನ್ನೋ ಗಟ್ಟಿ ಉಕ್ಕಿನ ಕೊಳವೆಗಳಿಂದ ಹೊಸದಾಗಿ ಒಂದು ಫ್ರೇಮ್ ಕಟ್ಟಿದರು, ಬೆಟ್ಟಕ್ಕೆ ಅಂತಲೇ. ಆ ಮೊದಲ 'ಬ್ರೀಜರ್' ಇವತ್ತು ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ.

1979ರಲ್ಲಿ ಟಾಮ್ ರಿಚ್ಚಿ ಫ್ರೇಮ್ ಕಟ್ಟಿಕೊಟ್ಟರು, ಫಿಶರ್ ಮತ್ತು ಕೆಲ್ಲಿ ಸೇರಿ 'ಮೌಂಟೇನ್‌ಬೈಕ್ಸ್' ಅಂತ ಕಂಪನಿ ಶುರು ಮಾಡಿ ಮಾರಿದರು. ಬೆಲೆ ಸುಮಾರು 1,300 ಡಾಲರ್. ಗುಜರಿಯಲ್ಲಿ ಹುಟ್ಟಿದ ಸೈಕಲ್ ನೋಡನೋಡ್ತಾ ಬಡವರ ಕೈಗೆ ಎಟುಕದ ಹಾಗಾಯ್ತು.

ಅದನ್ನ ಮತ್ತೆ ಕೆಳಗಿಳಿಸಿದ್ದು 1981ರಲ್ಲಿ. ಮೈಕ್ ಸಿನ್‌ಯಾರ್ಡ್ ಅವರ ಸ್ಪೆಷಲೈಜ್ಡ್ ಕಂಪನಿ ಜಪಾನಿನ ಕಾರ್ಖಾನೆಯಲ್ಲಿ ಮಾಡಿಸಿದ 'ಸ್ಟಂಪ್‌ಜಂಪರ್' ಅಂಗಡಿಗೆ ಬಂತು. ಬೆಲೆ 750 ಡಾಲರ್. ಅದೂ ಅಗ್ಗವೇನಲ್ಲ, ಆದರೆ ಕೈಯಲ್ಲಿ ಕಟ್ಟಿದ್ದರ ಸುಮಾರು ಅರ್ಧ. ಆಮೇಲೆ ದೊಡ್ಡ ಕಂಪನಿಗಳು ಒಂದೊಂದಾಗಿ ಹಿಂದೆ ಬಂದವು.

ಪಾಠ ನಾಲ್ಕು: ದುಡ್ಡು ಮೊದಲು ಹೋಗಬೇಕಾದ್ದು ಫ್ರೇಮಿಗೆ. ಟೈರು, ಸೀಟು, ಪೆಡಲ್ ಆಮೇಲೆ ಬದಲಾಯಿಸಬಹುದು. ಫ್ರೇಮ್ ಬದಲಾಯಿಸೋದು ಅಂದ್ರೆ ಸೈಕಲ್ಲೇ ಬದಲಾಯಿಸಿದ ಹಾಗೆ. ಸೈಜ್ ಅಂತೂ ಮೈಮೇಲೆ ಪ್ರಜ್ಞೆ ಇಟ್ಟು ನೋಡಿ. ಸೈಕಲ್‌ನ ಎರಡು ಕಾಲ ನಡುವೆ ಇಟ್ಟು ನಿಂತಾಗ ಮೇಲಿನ ಪೈಪಿಗೂ ನಿಮಗೂ ಎರಡು ಮೂರು ಇಂಚು ಬಿಡುವಿರಲಿ. "ಬೆಳೀತೀಯಲ್ಲಾ, ದೊಡ್ಡದೇ ತಗೋ" ಅನ್ನೋ ಮಾತು ಯೂನಿಫಾರ್ಮ್ ಹೊಲಿಸೋಕೆ ಸರಿ, ಸೈಕಲ್‌ಗಲ್ಲ.

6/7

ಈಗ ನನ್ನ ಹಳೇ ಗಾಯಕ್ಕೆ ಬರೋಣ: ಸ್ಪ್ರಿಂಗ್.

ರಿಪ್ಯಾಕ್ ಶುರುವಾದದ್ದು 1976. ಜನಪ್ರಿಯವಾದ ಮೊದಲ ಸಸ್ಪೆನ್ಷನ್ ಫೋರ್ಕ್, ರಾಕ್‌ಶಾಕ್ಸ್ ಆರ್‌ಎಸ್-1, ಬಂದದ್ದು 1989. ಲೆಕ್ಕ ಹಾಕಿ, 13 ವರ್ಷ! ಅಷ್ಟು ವರ್ಷ ಜನ ಬೆಟ್ಟ ಹತ್ತಿ ಇಳಿದದ್ದು ಬಹುಪಾಲು ಬರೀ ಟೈರು ಮತ್ತು ಮೊಣಕೈ ನಂಬಿಕೊಂಡು. 1990ರಲ್ಲಿ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ಆಯ್ತು, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಬಂತು.

ಪಾಠ ಐದು: ಇತಿಹಾಸದಲ್ಲಿ ಕೊನೆಗೆ ಬಂದದ್ದಕ್ಕೆ ನಿಮ್ಮ ಬಜೆಟ್‌ನಲ್ಲೂ ಕೊನೆಯ ಜಾಗ ಕೊಡಿ. ಒಳ್ಳೆ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಜೊತೆಗೆ ಅದರ ಕುಣಿತ ತಡೆಯೋ ಡ್ಯಾಂಪರ್ ಇರುತ್ತೆ. ಅಗ್ಗದ 'ಡಬಲ್ ಶಾಕರ್'ನಲ್ಲಿ ಸಾಮಾನ್ಯವಾಗಿ ಬರೀ ಸ್ಪ್ರಿಂಗು. ತೂಕ ಜಾಸ್ತಿ, ನಿಮ್ಮ ಶಕ್ತಿ ತಿನ್ನುತ್ತೆ, ಕೀಲು ಸವೆಯುತ್ತೆ. ಕಡಿಮೆ ದುಡ್ಡಲ್ಲಿ ಹಿಂದೆ ಸ್ಪ್ರಿಂಗ್ ಬೇಡವೇ ಬೇಡ. ಮುಂದೆ ಮಾತ್ರ ಇರೋ ಹಾರ್ಡ್‌ಟೇಲ್ ಸರಿ. ಮುಂದೆಯೂ ಇಲ್ಲದ ರಿಜಿಡ್ ಆದ್ರೂ ನಾಚಿಕೆ ಬೇಡ. ಫಿಶರ್ ದಾಖಲೆ ಮಾಡಿದ ಕಾಲದಲ್ಲಿ ಯಾರ ಹತ್ರಾನೂ ಆರ್‌ಎಸ್-1 ಇರಲಿಲ್ಲ.

ಇನ್ನು 'ಟ್ವೆಂಟಿನೈನರ್' ಅಂತ ಜಂಬ ಪಡೋರಿಗೆ ಒಂದು ತಮಾಷೆ. 29 ಇಂಚಿನ ಎಂಟಿಬಿ ಚಕ್ರದ ರಿಮ್ ಅಳತೆ 622 ಮಿಲಿಮೀಟರ್. ನಮ್ಮ ತಾತಂದಿರ ಕಪ್ಪು ಸೈಕಲಿನ 28 ಇಂಚಿನ ಚಕ್ರದ ರಿಮ್ 635. ಹೌದು, ನಾವು ಒಳಪೆಡಲ್ ಹೊಡೆದು ಕಲಿತ ಆ ಕಬ್ಬಿಣದ ಸೈಕಲಿನ ರಿಮ್ಮೇ ದೊಡ್ಡದು! ಅಳತೆ ನೋಡಿ ಮೂಗು ಮುರಿಯಬೇಡಿ. ಸಣ್ಣ ಮೈಕಟ್ಟಿನವರಿಗೆ 26 ಅಥವಾ 27.5 ತಿರುಗಿಸೋದು ಸುಲಭ, ಎತ್ತರದವರಿಗೆ 29 ಹೊಂದುತ್ತೆ.

7/7

ಕೊನೆ ಮಾತು. ಡಿಎಂ ಮಾಡಿದವರಿಗೆ ಉತ್ತರ ಇಲ್ಲಿದೆ.

ದುಡ್ಡು ಈ ಸಾಲಿನಲ್ಲಿ ಖರ್ಚಾಗಲಿ: ಸರಿ ಅಳತೆಯ ಫ್ರೇಮ್, ಬ್ರೇಕ್, ಟೈರು, ಹಗುರ ಗೇರ್, ಆಮೇಲೆ ಸ್ಪ್ರಿಂಗ್. ಹೆಲ್ಮೆಟ್ ದುಡ್ಡನ್ನ ಮೊದಲೇ ತೆಗೆದಿಡಿ, ಅದರಲ್ಲಿ ಚೌಕಾಸಿ ಬೇಡ. ಕ್ಯಾರಿಯರ್, ಮಡ್‌ಗಾರ್ಡ್ ಹಾಕೋಕೆ ಫ್ರೇಮಿನಲ್ಲಿ ತೂತು ಇದ್ದರೆ ಬ್ಯಾಗ್ ಹೊರೋಕೂ ಆಗುತ್ತೆ. ನಿಮ್ಮೂರಿನ ಸೈಕಲ್ ಶಾಪ್ ಅಣ್ಣನ ಹತ್ರ ಬಿಡಿಭಾಗ ಸಿಗುತ್ತಾ ಕೇಳಿ.

ಸೆಕೆಂಡ್ ಹ್ಯಾಂಡ್ ಕೀಳು ಅಂತ ಯಾರಾದ್ರೂ ಅಂದ್ರೆ ಈ ಸರಣಿ ಕಳಿಸಿ. ಇಡೀ ಆಟ ಶುರುವಾದದ್ದೇ ಸೆಕೆಂಡ್ ಹ್ಯಾಂಡ್‌ನಿಂದ. ಆದರೆ ಬಿಲ್ ಕೇಳಿ, ಬೆಸುಗೆ ಹತ್ರ ಬಿರುಕು ಇದೆಯಾ ನೋಡಿ, ಚಕ್ರ ಎತ್ತಿ ತಿರುಗಿಸಿ ಅಡ್ಡಾಡುತ್ತಾ ನೋಡಿ, ಕ್ರ್ಯಾಂಕ್ ಅಲ್ಲಾಡಿಸಿ ನೋಡಿ.

ಸೈಕಲ್ ಬಂತು ಅಂತ ರಿಸರ್ವ್ ಫಾರೆಸ್ಟ್ ಒಳಗೆ ಅನುಮತಿ ಇಲ್ಲದೆ ನುಗ್ಗಬೇಡಿ. ಊರಾಚೆಯ ಕೆರೆ ಏರಿ, ತೋಟದ ದಾರಿ, ಬಂಡಿ ಜಾಡು, ನಮಗೆ ಮಣ್ಣಿನ ದಾರಿಗೇನು ಬರ?

ನನ್ನ ಆ ಡಬಲ್ ಶಾಕರ್ ಮಾರಿಬಿಟ್ಟೆ, ಬಂದದ್ದು ಕೊಟ್ಟದ್ದರ ಕಾಲು ಭಾಗ. ಅದಕ್ಕೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಸೇರಿಸಿ ಹಳೇ ರಿಜಿಡ್ ಒಂದು ತಗೊಂಡೆ. ಹೋದ ತಿಂಗಳು ಅದರಲ್ಲೇ ಎಲ್ಲೂ ಇಳಿಯದೆ ಬೆಟ್ಟ ಹತ್ತಿದೆ. ಮೇಲಿಂದ ಅಪ್ಪನಿಗೆ ಫೋಟೋ ಕಳಿಸಿದೆ. "ಬರ್ತಾ ಬ್ರೇಕ್ ನೋಡ್ಕೋ" ಅಂತ ರಿಪ್ಲೈ ಬಂತು. ರಿಪ್ಯಾಕ್ ಕಥೆ ಅವರಿಗೆ ಗೊತ್ತಿಲ್ಲ. ಆದರೂ ಪಾಠ ಗೊತ್ತು.

ಸೇವ್ ಮಾಡ್ಕೊಳ್ಳಿ, ಸೈಕಲ್ ತಗೊಳ್ಳೋ ಪ್ಲ್ಯಾನ್‌ನಲ್ಲಿರೋ ಗೆಳೆಯರನ್ನ ಟ್ಯಾಗ್ ಮಾಡಿ. ನಿಮ್ಮ ಮೊದಲ ಸೈಕಲ್ ಯಾವುದು? ಕಾಮೆಂಟ್‌ನಲ್ಲಿ ಹೇಳಿ, ಎಲ್ಲವನ್ನೂ ಓದ್ತೀನಿ.

#ಸೈಕಲ್_ಕಥೆ #ಎಂಟಿಬಿ #ಇತಿಹಾಸ_ಕನ್ನಡದಲ್ಲಿ #ರಿಪ್ಯಾಕ್